ಹೆಬ್ಬಾಗಿಲಿನ ಹೊಸ ಕಾವಲುಗಾರ

ಶ್ರೀರಂಗಪಟ್ಟಣದ ಸುತ್ತಮುತ್ತ ಹೆದ್ದಾರಿಯ ಆಚೀಚೆ, ಒಂದು ಕಾಲಕ್ಕೆ ಕಬ್ಬು ಭತ್ತ ಬೆಳೆಯುತ್ತಿದ್ದ ನೆಲದಲ್ಲಿ ಈಗ ಅಲ್ಲಲ್ಲಿ ಬಡಾವಣೆಗಳು ಎದ್ದಿವೆ. ಸೈಟಿನ ಜಾಹೀರಾತಿನಲ್ಲಿ ಮೊದಲು ಕಾಣುವುದು ಮನೆಯಲ್ಲ, ಕಮಾನಿನ ಗೇಟು. ಒಳಗೆ ಇನ್ನೂ ನಾಲ್ಕು ಮನೆಯೂ ಎದ್ದಿರುವುದಿಲ್ಲ, ಗೇಟಿನ ಕಮಾನು ಮಾತ್ರ ಆಗಲೇ ಗಾರೆ ಬಣ್ಣ ಕಂಡು ನಿಂತಿರುತ್ತದೆ. ಅಂಥ ಒಂದು ಬಡಾವಣೆಯಲ್ಲಿರುವ ಹಳೆಯ ಸ್ನೇಹಿತರೊಬ್ಬರನ್ನು ನೋಡಲು ಆಗಾಗ ಹೋಗುತ್ತಿರುತ್ತೇನೆ. ಮೊದಲೆಲ್ಲ ಅಲ್ಲಿ ಒಂದು ದಪ್ಪ ರಿಜಿಸ್ಟರ್ ಇತ್ತು. ಹೆಸರು, ಫೋನ್ ನಂಬರ್, ಯಾರ ಮನೆ, ಸಹಿ ಎಂದು ನಾಲ್ಕು ಕಲಂ. ನಾನು ಬರೆಯುವ ಮೊದಲೇ ವಾಚ್‌ಮನ್ ಕಂಬ ಎತ್ತಿಬಿಡುತ್ತಿದ್ದ. ಕಳೆದ ಸಲ ಹೋದಾಗ ರಿಜಿಸ್ಟರ್ ಇರಲಿಲ್ಲ. ಅವನ ಕೈಯಲ್ಲಿ ಒಂದು ಫೋನ್ ಇತ್ತು. ನನ್ನ ಹೆಸರು ಕೇಳಿ ಒತ್ತಿದ, ಫೋಟೋ ತೆಗೆದ, ಕಾಯಿರಿ ಎಂದ. ಒಳಗಿನಿಂದ ಒಪ್ಪಿಗೆ ಬರಬೇಕಿತ್ತು. ಸ್ನೇಹಿತರು ಮಧ್ಯಾಹ್ನದ ನಿದ್ರೆಯಲ್ಲಿದ್ದಿರಬೇಕು, ಉತ್ತರ ಬರಲಿಲ್ಲ. ಅವನು ಸಂಕೋಚದಿಂದ, "ಸಾಬ್ರೇ, ನೀವು ಹೋದ ತಿಂಗ್ಳೂ ಬಂದಿದ್ರಿ, ನಂಗೊತ್ತು. ಏನ್ ಮಾಡದು, ಈಗ ಸಿಸ್ಟಮ್ ಬಂದದೆ" ಎಂದು ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ನನ್ನ ಕಡೆ ದೂಡಿದ. ನಾನು ಕೂತೆ, ಅವನು ನಿಂತ.

ಇಪ್ಪತ್ತು ನಿಮಿಷ ಕಾದದ್ದು ದೊಡ್ಡ ಸಂಗತಿಯಲ್ಲ. ಆಸ್ಪತ್ರೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಇದಕ್ಕಿಂತ ಹೆಚ್ಚು ಕಾದಿದ್ದೇವೆ. ನನ್ನನ್ನು ಕಾಡಿದ್ದು 'ನಂಗೊತ್ತು' ಎಂಬ ಅವನ ಮಾತು. ಅವನಿಗೆ ನಾನು ಗೊತ್ತು, ಅವನ ಕೈಯಲ್ಲಿದ್ದ ಯಂತ್ರಕ್ಕೆ ಗೊತ್ತಿಲ್ಲ. ಗೊತ್ತಿರುವವನ ಮಾತು ನಡೆಯುವುದಿಲ್ಲ, ಗೊತ್ತಿಲ್ಲದ್ದರ ಮಾತು ನಡೆಯುತ್ತದೆ. ಈ ಬದಲಾವಣೆಗೆ ನಮ್ಮ ಬಡಾವಣೆಗಳ ಸಂಘಗಳು ಇಟ್ಟಿರುವ ಹೆಸರು 'ಅಪ್‌ಗ್ರೇಡ್'.

ಈ ಅಪ್‌ಗ್ರೇಡ್ ಎಂದರೇನು ಎಂದು ಮೊದಲು ನೋಡೋಣ. ನಿವಾಸಿಗಳ ಕಾರಿನ ಗಾಜಿಗೆ ಒಂದು ಸ್ಟಿಕ್ಕರ್ ಅಂಟಿಸುತ್ತಾರೆ. ಅದರೊಳಗೆ ಬ್ಯಾಟರಿ ಇಲ್ಲ, ಚಿಕ್ಕದೊಂದು ಚಿಪ್ಪು ಮತ್ತು ತಂತಿಯಂಥ ಆಂಟೆನಾ ಮಾತ್ರ. ಗೇಟಿನ ಕಂಬದ ಮೇಲಿನ ಯಂತ್ರ ಬೀರುವ ರೇಡಿಯೊ ಅಲೆಯಿಂದಲೇ ಅದು ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ಹೇಳುತ್ತದೆ. ಸಂಖ್ಯೆ ಪಟ್ಟಿಯಲ್ಲಿದ್ದರೆ ಕಂಬ ಏಳುತ್ತದೆ. ಟೋಲ್‌ಗೇಟಿನಲ್ಲಿ ನಾವು ಕಾಣುವ ಫಾಸ್ಟ್ಯಾಗ್ ಕೂಡ ಇದೇ ಜಾತಿಯದು. ಹೊರಗಿನಿಂದ ಬರುವವರಿಗೆ ಬೇರೆ ವ್ಯವಸ್ಥೆ. ವಾಚ್‌ಮನ್‌ನ ಫೋನಿನಿಂದ ನಿವಾಸಿಯ ಫೋನಿಗೆ ಸಂದೇಶ ಹೋಗುತ್ತದೆ, ಅವರು ಒಪ್ಪಬೇಕು. ಅಥವಾ ಮೊದಲೇ ಆರು ಅಂಕಿಯ ಸಂಕೇತ ಕಳಿಸಿರಬೇಕು. ಬೆಂಗಳೂರಿನಲ್ಲಿ 2016ರಲ್ಲಿ ಶುರುವಾದ ಮೈಗೇಟ್‌ನಂಥ ಆಪ್‌ಗಳು ಈ ಕ್ರಮವನ್ನು ಅಪಾರ್ಟ್‌ಮೆಂಟುಗಳಲ್ಲಿ ಬಳಕೆಗೆ ತಂದವು. 2020ರ ಕೊರೊನಾ ಕಾಲದಲ್ಲಿ ಮುಟ್ಟದೆ ಒಳಬಿಡುವ ವ್ಯವಸ್ಥೆ ಎಲ್ಲರಿಗೂ ಬೇಕಾಯಿತು. ಈಗ ಅದು ಸಣ್ಣ ಊರಿನ ಬಡಾವಣೆಗೂ ಬರುತ್ತಿದೆ. ಇದರ ಮುಂದಿನ ಮೆಟ್ಟಿಲು ವಾಹನದ ನಂಬರ್ ಓದುವ ಕ್ಯಾಮೆರಾ, ಅದರ ಮುಂದಿನದು ಮುಖ ಗುರುತಿಸುವ ಕ್ಯಾಮೆರಾ.

ಇದೆಲ್ಲ ಬೇಡವೇ ಬೇಡ ಎಂದು ಹೇಳುವುದು ಸುಲಭ, ಪ್ರಾಮಾಣಿಕವಲ್ಲ. ಮಕ್ಕಳು ದೂರದ ಊರಿನಲ್ಲಿದ್ದು ಒಂಟಿಯಾಗಿರುವ ವೃದ್ಧರಿಗೆ ಬಾಗಿಲು ತಟ್ಟಿದವರು ಯಾರೆಂದು ತಿಳಿಯಬೇಕು ಅನಿಸುವುದು ಸಹಜ. ಹಳೆಯ ರಿಜಿಸ್ಟರ್ ಕೂಡ ಹೊಗಳುವಂಥದ್ದೇನಲ್ಲ. ಅದರಲ್ಲಿ ಹೆಣ್ಣುಮಕ್ಕಳು ಬರೆದ ಫೋನ್ ನಂಬರನ್ನು ಹಿಂದೆ ಬಂದ ಯಾರಾದರೂ ಓದಬಹುದಿತ್ತು. ತುಂಬಿದ ರಿಜಿಸ್ಟರ್ ಕೊನೆಗೆ ಯಾವ ರದ್ದಿ ಅಂಗಡಿ ಸೇರುತ್ತಿತ್ತೋ ಯಾರೂ ಕೇಳುತ್ತಿರಲಿಲ್ಲ. ಆದ್ದರಿಂದ ಪ್ರಶ್ನೆ ಹಳೆಯದೋ ಹೊಸದೋ ಎಂಬುದಲ್ಲ. ಒಳಗಿರುವವರ ನೆಮ್ಮದಿಗಾಗಿ ಕಟ್ಟಿದ ಈ ವ್ಯವಸ್ಥೆಯಲ್ಲಿ ಹೊರಗೆ ನಿಂತವನ ಮಾನಕ್ಕೆ ಎಷ್ಟು ಜಾಗವಿದೆ ಎಂಬುದು ಪ್ರಶ್ನೆ. ಬಾಗಿಲಿನ ಗುಣವನ್ನು ಒಳಗಿನವರಷ್ಟೇ ನಿರ್ಧರಿಸಲಾಗದು, ಹೊರಗೆ ನಿಂತವರನ್ನೂ ಕೇಳಬೇಕು.

ಅನುಮತಿ ಕೇಳುವುದು ನಮಗೆ ಹೊಸದಲ್ಲ. ಪರರ ಮನೆಗೆ ಒಪ್ಪಿಗೆ ಪಡೆಯದೆ, ಮನೆಯವರಿಗೆ ಸಲಾಮ್ ಹೇಳದೆ ಹೋಗಬಾರದೆಂದು, ಮರಳಿ ಹೋಗಿರಿ ಎಂದರೆ ಮರಳುವುದೇ ಪರಿಶುದ್ಧವೆಂದು ಕುರ್‌ಆನಿನ ಅನ್ನೂರ್ ಅಧ್ಯಾಯ ಕಲಿಸುತ್ತದೆ. ಮೂರು ಸಲ ಕೇಳಿ ಉತ್ತರವಿಲ್ಲದಿದ್ದರೆ ಹಿಂತಿರುಗಬೇಕೆಂಬುದು ಪ್ರವಾದಿಯವರ ಶಿಕ್ಷಣ. ಅಂದರೆ ಮನೆಯ ಖಾಸಗಿತನವನ್ನು ಧರ್ಮ ಬಹಳ ಗಂಭೀರವಾಗಿ ಕಂಡಿದೆ. ಆದರೆ ಆ ಕ್ರಮದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಅನುಮತಿ ಬೇಕಿರುವುದು ಮನೆಗೆ, ಮನೆಯ ಮುಂದಿನ ಬೀದಿಗಲ್ಲ. ಎರಡು, ಅದು ಸಲಾಮಿನಿಂದ ಶುರುವಾಗುತ್ತದೆ. ಬಂದವನು ಒಳಗಿನವರಿಗೆ ಶಾಂತಿ ಹಾರೈಸುತ್ತಾನೆ, ಒಳಗಿನವರು ಆ ಹಾರೈಕೆಯನ್ನು ಮರಳಿಸಬೇಕು. ಕೊಡುವುದು ಪಡೆಯುವುದು ಎರಡೂ ಕಡೆಯಿಂದ. ಹೊಸ ಗೇಟಿನಲ್ಲಿ ಕೊಡುವವನು ಬಂದವನು ಮಾತ್ರ. ಅವನು ಹೆಸರು ಕೊಡುತ್ತಾನೆ, ನಂಬರ್ ಕೊಡುತ್ತಾನೆ, ಮುಖ ಕೊಡುತ್ತಾನೆ. ಅವನಿಗೆ ಸಿಗುವುದು 'ಒಪ್ಪಿದೆ' ಅಥವಾ 'ತಿರಸ್ಕರಿಸಿದೆ' ಎಂಬ ಒಂದು ಪದ.

ಈ ಸೀಮೆಯಲ್ಲಿ ಬಾಗಿಲಿನ ಕುರಿತು ಬರೆಯುವವರು ಶ್ರೀರಂಗಪಟ್ಟಣದ ಕೋಟೆಯನ್ನು ಬಿಟ್ಟು ಹೋಗಲಾರರು. ಕಾವೇರಿಯ ನಡುಗಡ್ಡೆಯ ಮೇಲೆ ಕಟ್ಟಿದ ಆ ಕೋಟೆಗೆ ನದಿಯೇ ಮೊದಲ ಬೇಲಿ. ಅದರ ಮೇಲೆ ಕಲ್ಲಿನ ಗೋಡೆ, ಕಂದಕ, ಬೇರೆ ಬೇರೆ ದಿಕ್ಕಿನ ಬಾಗಿಲುಗಳು. ಬೆಂಗಳೂರು ಬಾಗಿಲು, ಮೈಸೂರು ಬಾಗಿಲು, ಆನೆ ಬಾಗಿಲು ಎಂದು ಅವಕ್ಕೆ ಹೆಸರು. ಬೆಂಗಳೂರು ಬಾಗಿಲಿನ ಹತ್ತಿರವೇ ಜಾಮಿಯಾ ಮಸೀದಿ. ಅದೇ ಕೋಟೆಯ ಒಳಗೇ ರಂಗನಾಥನ ಗುಡಿ. ತನ್ನ ಕಾಲಕ್ಕೆ ಅದು ತಕ್ಕಮಟ್ಟಿಗೆ 'ಅಪ್‌ಗ್ರೇಡ್' ಆದ ಕೋಟೆಯೇ, 1792ರ ಮುತ್ತಿಗೆಯ ನಂತರ ಟಿಪ್ಪು ಅದನ್ನು ಮತ್ತಷ್ಟು ಬಲಪಡಿಸಿದ್ದ. ಆದರೂ 1799ರ ಮೇ 4ರಂದು ಅದು ಬಿತ್ತು. ಇಂಗ್ಲಿಷರು ಬಂದದ್ದು ಬಾಗಿಲಿನಿಂದಲ್ಲ, ಫಿರಂಗಿಯಿಂದ ಒಡೆದ ಗೋಡೆಯ ಬಿರುಕಿನಿಂದ. ಟಿಪ್ಪುವಿನ ದೇಹ ಸಿಕ್ಕಿದ್ದು ಮಾತ್ರ ಒಂದು ಬಾಗಿಲಿನ ಬಳಿ. ಒಳಗೆ ಹೋಗಬೇಕಾದವನಿಗೆ ಬಾಗಿಲು ತೆರೆಯಲಿಲ್ಲ, ಮೀರ್ ಸಾದಿಕ್ ಮುಚ್ಚಿಸಿದ್ದ ಎಂದು ಜನ ಇಂದಿಗೂ ಹೇಳುತ್ತಾರೆ. ಚರಿತ್ರೆಕಾರರು ಈ ಮಾತನ್ನು ಎಷ್ಟು ಒಪ್ಪುತ್ತಾರೆ ಎಂಬುದು ಬೇರೆ. ಜನರ ನೆನಪು ಹೇಳುವ ಸಂಗತಿ ಸ್ಪಷ್ಟವಾಗಿದೆ. ಕೋಟೆಯ ಬಲ ಕಲ್ಲಿನಲ್ಲಿಲ್ಲ, ಬಾಗಿಲು ಕಾಯುವವನ ಮತ್ತು ಕಾಯಿಸಿಕೊಳ್ಳುವವನ ನಡುವಿನ ನಂಬಿಕೆಯಲ್ಲಿದೆ. ಊರು ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ನಾವು ತಡವಾಗಿ ಎಚ್ಚೆತ್ತವರನ್ನು ಗೇಲಿ ಮಾಡಲು ಬಳಸುತ್ತೇವೆ. ಬಾಗಿಲು ಹಾಕುವುದೊಂದೇ ರಕ್ಷಣೆ ಎಂದು ತಿಳಿದವರಿಗೂ ಅದು ಒಪ್ಪುತ್ತದೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಇನ್ನೊಂದು ಬಗೆಯ ಬಾಗಿಲನ್ನು ತೋರಿಸುತ್ತದೆ. ದೆಹಲಿಗೆ ಹೋಗಿದ್ದ ಚೆಲುವನಾರಾಯಣನ ಉತ್ಸವಮೂರ್ತಿಯನ್ನು ರಾಮಾನುಜರು ಮರಳಿ ತಂದರೆಂದೂ, ಆ ಮೂರ್ತಿಯನ್ನು ಬಿಟ್ಟಿರಲಾರದೆ ಸುಲ್ತಾನನ ಮಗಳು ಅದರ ಹಿಂದೆಯೇ ಬಂದಳೆಂದೂ ಕಥೆಯಿದೆ. ಬೀಬಿ ನಾಚ್ಚಿಯಾರ್ ಎಂದು ಅವಳಿಗೆ ಅಲ್ಲಿ ಪೂಜೆ ಸಲ್ಲುತ್ತದೆ. ಯಾವ ಪಾಸೂ ಇಲ್ಲದೆ ಬಂದ ತುರುಕ ಹೆಣ್ಣಿಗೆ ದೇವರ ಪಕ್ಕದಲ್ಲೇ ಜಾಗ ಮಾಡಿಕೊಟ್ಟ ಕಥೆ ಅದು. ಅದೇ ಮೇಲುಕೋಟೆಯ ಇನ್ನೊಂದು ನೆನಪೂ ಇದೆ. ಮೂರ್ತಿಯನ್ನು ತರಲು ನೆರವಾದರೆಂದು ರಾಮಾನುಜರು ಅಸ್ಪೃಶ್ಯರೆನಿಸಿಕೊಂಡವರನ್ನು ತಿರುಕುಲದವರೆಂದು ಕರೆದು ಗುಡಿಯ ಪ್ರವೇಶ ಕೊಟ್ಟರು. ಆದರೆ ಆ ಪ್ರವೇಶ ವರ್ಷದಲ್ಲಿ ಕೆಲವೇ ದಿನಗಳಿಗೆ ನಿಂತುಹೋಯಿತು. ಅವಧಿ ಮುಗಿದರೆ ಬಾಗಿಲು ಮುಚ್ಚುವ ಪಾಸು! ಇಂದು ಮನೆಗೆಲಸದ ಹೆಂಗಸಿಗೆ ಬೆಳಗ್ಗೆ ಏಳರಿಂದ ಹತ್ತರವರೆಗೆ ಎಂದು ಕೊಡುವ ಸಂಕೇತವನ್ನು ಕಂಡಾಗ ಇದು ನೆನಪಾಗುತ್ತದೆ. ಅವಳ ದುಡಿಮೆಗೆ ಪ್ರವೇಶವುಂಟು, ದುಡಿಮೆ ಮುಗಿದ ಮೇಲೆ ಅಲ್ಲಿನ ಪಾರ್ಕಿನ ಬೆಂಚಿಗೆ ಅವಳು ಅನ್ಯಳು. ನಮ್ಮ ಹಳೆಯ ಊರುಗಳಿಗೂ ಊರಬಾಗಿಲಿತ್ತು, ಅದರ ಹೊರಗೆ ಕೇರಿಯಿತ್ತು. ಯಂತ್ರ ಹೊಸದಿರಬಹುದು, ಒಳಗು ಹೊರಗುಗಳ ಲೆಕ್ಕ ಹೊಸದಲ್ಲ.

ಜನರನ್ನು ಹೀಗೆ ವಿಂಗಡಿಸುವ ಕೆಲಸ ಬಡಾವಣೆಯ ಗೇಟಿಗಷ್ಟೇ ಸೀಮಿತವೂ ಅಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳು ಮುಖ್ಯ ರಸ್ತೆಗೆ ಬಾರದಂತೆ ನಿಷೇಧಿಸಲಾಯಿತು. ಅಪಘಾತಗಳು ಹೆಚ್ಚಿದ್ದವು, ಕಾರಣ ನಿಜವೇ. ಆದರೆ ರಸ್ತೆಗೆ ನೆಲ ಬಿಟ್ಟುಕೊಟ್ಟ ಊರಿನ ರೈತ ತನ್ನ ಟ್ರ್ಯಾಕ್ಟರಿನಲ್ಲಿ ಸರ್ವಿಸ್ ರಸ್ತೆ ಹಿಡಿಯುತ್ತಾನೆ, ಅವನ ಗದ್ದೆಯಿದ್ದ ಜಾಗದಲ್ಲಿ ಫಾಸ್ಟ್ಯಾಗಿನ ಕಾರು ಗಣಂಗೂರಿನ ಟೋಲ್ ದಾಟಿ ಹೋಗುತ್ತದೆ. ಸ್ಟಿಕ್ಕರ್ ಇದ್ದವರಿಗೆ ಬೇಗ ತೆರೆಯುವ ಕಂಬ, ಇಲ್ಲದವರಿಗೆ ಪಕ್ಕದ ದಾರಿ. ಇದನ್ನು ದಿನವೂ ಕಂಡು ಅಭ್ಯಾಸವಾದ ಕಣ್ಣಿಗೆ ಬಡಾವಣೆಯ ಗೇಟಿನಲ್ಲೂ ಅದೇ ಕ್ರಮ ಸಹಜವೆನಿಸುತ್ತದೆ.

ಬಾಗಿಲು ಮುಚ್ಚುವ ಅಭ್ಯಾಸ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2020 ನಮಗೆ ಕಲಿಸಿತ್ತು, ನಾವು ಬೇಗ ಮರೆತೆವು. ಆ ವರ್ಷದ ಮಾರ್ಚ್, ಏಪ್ರಿಲ್‌ನಲ್ಲಿ ಕರ್ನಾಟಕದ ಎಷ್ಟೋ ಹಳ್ಳಿಗಳು ತಮ್ಮ ದಾರಿಗೆ ಮುಳ್ಳು ಹಾಕಿಕೊಂಡವು, ಮರದ ದಿಮ್ಮಿ ಅಡ್ಡ ಇಟ್ಟವು. ತಬ್ಲೀಗಿನ ನೆಪದಲ್ಲಿ ಹಣ್ಣು ತರಕಾರಿ ಮಾರುವ ಮುಸ್ಲಿಮರನ್ನು ಕೆಲವೆಡೆ ಊರ ಮುಂದೆಯೇ ತಡೆದು ಕಳಿಸಲಾಯಿತು. ವರ್ಷಗಟ್ಟಲೆ ಅದೇ ಬೀದಿಗಳಲ್ಲಿ ಕೂಗುತ್ತಾ ಹೋದವರ ಹೆಸರೇ ರೋಗವಾಯಿತು. ತಿಂಗಳು ಕಳೆಯುವಷ್ಟರಲ್ಲಿ, ಮೇ ತಿಂಗಳಿನಲ್ಲಿ, ಮುಂಬಯಿಯಿಂದ ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಕೂಲಿಯವರು, ಹೋಟೆಲು ಕೆಲಸದವರು ಊರಿಗೆ ಮರಳಿದರು. ಮಂಡ್ಯ ಜಿಲ್ಲೆಯ ಸೋಂಕಿನ ಲೆಕ್ಕ ಏರಿತು. ಆಗ ಅನುಮಾನದ ಕಣ್ಣು ಸಾಬರಿಂದ ತಿರುಗಿ ತಮ್ಮದೇ ಊರಿನ ಮಕ್ಕಳ ಮೇಲೆ ಬಿತ್ತು. ಹಬ್ಬಕ್ಕೆ ಬಂದರೆ ಸಂಭ್ರಮಪಡುತ್ತಿದ್ದ ಊರಿಗೆ ಮುಂಬಯಿಯವರು ಎಂಬ ಮಾತೇ ಬೈಗುಳವಾಯಿತು. ಒಬ್ಬನನ್ನು ತಡೆಯಲು ಹಾಕಿದ ಮುಳ್ಳು ಅವನೊಬ್ಬನನ್ನೇ ತಡೆದು ಸುಮ್ಮನಾಗುವುದಿಲ್ಲ. ಅದು ಮುಂದಿನವನಿಗಾಗಿ ಕಾಯುತ್ತಿರುತ್ತದೆ, ಆ ಮುಂದಿನವನು ಮುಳ್ಳು ಹಾಕಿದವನ ಮಗನೇ ಆಗಿರಬಹುದು.

ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆಯ ವೇಳೆ ನಡೆದ ಗಲಭೆಯಲ್ಲಿ ಅಂಗಡಿಗಳು ಉರಿದವು. ಅಂಥ ರಾತ್ರಿಯ ನಂತರ ಯಾರಿಗಾದರೂ ಗೋಡೆ ಎತ್ತರವಾಗಲಿ ಅನಿಸುತ್ತದೆ. ಹಿಂದೂಗಳಿಗೂ ಅನಿಸುತ್ತದೆ, ಮುಸ್ಲಿಮರಿಗೂ ಅನಿಸುತ್ತದೆ. ಮುಸ್ಲಿಮರ ವಿಷಯದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಎಷ್ಟೋ ಮುಸ್ಲಿಮರಿಗೆ ಹೆಸರು ಹೇಳಿದ ಕೂಡಲೇ ಮನೆ 'ಖಾಲಿ ಇಲ್ಲ'ವಾದ ಅನುಭವವಿದೆ. ಗೇಟಿನಲ್ಲಿ "ಹೆಸರು?" ಎಂದು ಕೇಳಿದಾಗ ಬೇರೆಯವರು ಥಟ್ಟನೆ ಹೇಳುವ ಕಡೆ ನಮ್ಮವರು ಅರೆಗಳಿಗೆ ತಡೆದು ಹೇಳುತ್ತಾರೆ. ಆ ಅರೆಗಳಿಗೆಯನ್ನು ಯಾವ ಆಪ್ ಕೂಡ ದಾಖಲಿಸುವುದಿಲ್ಲ. ಹೆಸರು ನೋಡಿ ಒಳಗಿನವರು 'ತಿರಸ್ಕರಿಸಿದೆ' ಒತ್ತಿದರೆ ಕಾರಣ ಹೇಳಬೇಕಾಗಿಲ್ಲ. ಹಿಂದೆ ಮುಖ ನೋಡಿ ಇಲ್ಲವೆನ್ನಲು ಸ್ವಲ್ಪವಾದರೂ ನಾಚಿಕೆಯಾಗುತ್ತಿತ್ತು. ಈಗ ಮುಖ ನೋಡುವ ಅಗತ್ಯವೇ ಇಲ್ಲ, ಬೆರಳು ಸಾಕು.

ಆದರೆ ಈ ದೂರನ್ನು ಹೊರಗಿನವರ ಮೇಲೆ ಮಾತ್ರ ಹೊರಿಸಿ ನಾವು ಪಾರಾಗುವಂತಿಲ್ಲ. 'ನಮ್ಮವರಿಗೆ ಮಾತ್ರ' ಎಂಬ ಪಿಸುಮಾತಿನೊಂದಿಗೆ ಸೈಟು ಮಾರುವ ಬಡಾವಣೆಗಳು ಮುಸ್ಲಿಮರಲ್ಲೂ ಇವೆ. ಅದು ಭಯದಿಂದ ಹುಟ್ಟಿದ್ದೆಂದು ಸಮರ್ಥಿಸಿಕೊಳ್ಳುತ್ತೇವೆ, ಎದುರಿನವರೂ ಹಾಗೆಯೇ ಹೇಳುತ್ತಾರೆ. ಅಲ್ಲಿಯ ಗೇಟಿನಲ್ಲೂ ಗುಜರಿಯವನನ್ನು, ಬುರ್ಖಾ ತೊಟ್ಟ ಮನೆಗೆಲಸದವಳನ್ನು ಹೊರಗೇ ನಿಲ್ಲಿಸುತ್ತಾರೆ. ಹೆಂಗಸರಿಗೆ ನಮಾಜಿಗೆ ಜಾಗವಿಲ್ಲದ ಮಸೀದಿಗಳು ನಮ್ಮ ಊರುಗಳಲ್ಲಿ ಎಷ್ಟಿವೆ ಎಂದು ಎಣಿಸಿದರೆ ಬಾಗಿಲಿನ ಕುರಿತು ಇನ್ನೊಬ್ಬರಿಗೆ ಪಾಠ ಹೇಳುವ ಧೈರ್ಯ ಸ್ವಲ್ಪ ಕಡಿಮೆಯಾಗುತ್ತದೆ. ಗಂಜಾಂನ ಗುಂಬಜ್‌ಗೆ ಯಾರು ಬೇಕಾದರೂ ಹೋಗುತ್ತಾರೆ, ಚಪ್ಪಲಿ ಬಿಡುವುದೊಂದೇ ಅಲ್ಲಿಯ ನಿಯಮ. ಸತ್ತವನ ಮನೆಗೆ ಇರುವ ಔದಾರ್ಯ ಬದುಕಿರುವ ನಮ್ಮ ಮನೆಗಳಿಗೆ ಏಕಿಲ್ಲ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಹಾಗಾದರೆ ಗೇಟನ್ನು ಹೊಸದು ಮಾಡಹೊರಟ ಸಂಘದವರು ಏನನ್ನು ಯೋಚಿಸಬೇಕು? ಮೊದಲನೆಯದು, ರಸ್ತೆ ಯಾರದು? ಯೋಜನಾ ಪ್ರಾಧಿಕಾರದ ಅನುಮೋದನೆ ಪಡೆದ ಬಡಾವಣೆಯ ರಸ್ತೆ, ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕೆಂಬುದು ನಮ್ಮ ರಾಜ್ಯದ ಕ್ರಮ. ಹಾಗೆ ಬಿಟ್ಟುಕೊಟ್ಟ ಮೇಲೆ ಆ ರಸ್ತೆಯಲ್ಲಿ ಸಾರ್ವಜನಿಕರನ್ನು ತಡೆಯುವಂತಿಲ್ಲವೆಂದು ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಬಡಾವಣೆಯೊಂದರ ಪ್ರಕರಣದಲ್ಲಿ ಹೇಳಿದೆ. ಅಪಾರ್ಟ್‌ಮೆಂಟಿನ ಆವರಣ ಬೇರೆ, ಬಡಾವಣೆಯ ಬೀದಿ ಬೇರೆ. ಪಂಚಾಯಿತಿಯ ರಸ್ತೆಗೆ ಯಂತ್ರದ ಕಂಬ ನೆಡುವ ಮುನ್ನ ಕಾಗದಪತ್ರ ನೋಡಬೇಕು. ದೂರ ಸುತ್ತಿ ಶಾಲೆಗೆ ಹೋಗುವ ಪಕ್ಕದ ಹಳ್ಳಿಯ ಮಕ್ಕಳಿಗೆ ಆ ಕಾಗದದಲ್ಲೇ ಹಕ್ಕು ಬರೆದಿರಬಹುದು.

ಎರಡನೆಯದು ಮಾಹಿತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಪ್ರಶ್ನಿಸಿ ಹೂಡಿದ್ದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಹಕ್ಕು ಮನೆಯೊಳಗಿರುವವನಿಗೆ ಮಾತ್ರ ಅಲ್ಲ, ಗೇಟಿನಲ್ಲಿ ಊಟದ ಪೊಟ್ಟಣ ಹಿಡಿದು ನಿಂತ ಹುಡುಗನಿಗೂ ಇದೆ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯಾಯಿತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳ ಜಾರಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಕಾನೂನು ಬರುವವರೆಗೆ ಕಾಯಬೇಕಾದ ಅಗತ್ಯವೇನಿಲ್ಲ. ಏಕೆ ಪಡೆಯುತ್ತೇವೆ, ಎಷ್ಟು ದಿನ ಇಡುತ್ತೇವೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೇವೆ ಎಂಬ ನಾಲ್ಕು ಸಾಲನ್ನು ಗೇಟಿನ ಪಕ್ಕದಲ್ಲಿ ಕನ್ನಡದಲ್ಲಿ ಬರೆದು ಹಾಕಲು ಖರ್ಚು ಬಹಳವಿಲ್ಲ. ಕೆಲಸದವರಿಂದ ಆಧಾರ್ ನಕಲು ಪಡೆದು ಡ್ರಾಯರಿನಲ್ಲಿ ತುಂಬಿಡುವುದನ್ನು ನಿಲ್ಲಿಸಬಹುದು. ಮುಖ ಗುರುತಿಸುವ ಕ್ಯಾಮೆರಾದ ಬಗ್ಗೆಯಂತೂ ಎರಡು ಸಲ ಯೋಚಿಸಬೇಕು. ಸ್ಟಿಕ್ಕರ್ ಕಳೆದರೆ ಹೊಸದು ಅಂಟಿಸಬಹುದು, ಸಂಕೇತ ಸೋರಿದರೆ ಬದಲಿಸಬಹುದು. ಮುಖ ಸೋರಿದರೆ ಬೇರೆ ಮುಖ ತರುವುದೆಲ್ಲಿಂದ?

ಮೂರನೆಯದು ದುಡಿಯುವವರು. ಆಪ್‌ನಲ್ಲಿ ಮನೆಗೆಲಸದವರ ಹಾಜರಿ ಇರುತ್ತದೆ, ಅವರ ಬಗ್ಗೆ ಒಳಗಿನವರು ಅಭಿಪ್ರಾಯ ಬರೆಯುವ ಜಾಗವಿರುತ್ತದೆ. ಕೂಲಿ ಸರಿಯಾಗಿ ಕೊಡದ ಮನೆಯ ಬಗ್ಗೆ ಅವರು ಬರೆಯುವ ಜಾಗ ಎಲ್ಲಿದೆ? ಒಂದು ಮನೆಯವರ ಸಿಟ್ಟಿಗೆ ಒಬ್ಬ ಹೆಂಗಸಿನ ಹೆಸರು ಪಟ್ಟಿಯಿಂದ ಹೋದರೆ ಅವಳು ಉಳಿದ ಐದು ಮನೆಯ ದುಡಿಮೆಯನ್ನೂ ಕಳೆದುಕೊಳ್ಳುತ್ತಾಳೆ. ಅವಳ ಮಾತು ಕೇಳದೆ ಹೆಸರು ಅಳಿಸಬಾರದು ಎಂಬ ಒಂದು ನಿಯಮ ಸಂಘದ ಪುಸ್ತಕದಲ್ಲಿರಲಿ. ವಾಚ್‌ಮನ್‌ಗೂ ಅಷ್ಟೆ. ಸಾವಿರಾರು ರೂಪಾಯಿಯ ಯಂತ್ರ ತರುವ ಸಂಘಗಳು ಅವನಿಗೆ ಬಿಸಿಲಿಗೆ ನೆರಳು, ಒಂದು ಶೌಚಾಲಯ, ವಾರಕ್ಕೊಂದು ರಜೆ ಕೊಟ್ಟಿವೆಯೇ ಎಂದು ಮೊದಲು ನೋಡಲಿ. ಅದೂ ಗೇಟಿನ ಅಪ್‌ಗ್ರೇಡೇ.

ಕೊನೆಯದು, ತೆರೆಯುವ ವಿದ್ಯೆ. ಕರೆಂಟು ಹೋದಾಗ ಕಂಬ ಕೈಯಿಂದ ಏಳುವಂತಿರಬೇಕು. ಆಂಬುಲೆನ್ಸಿಗೆ, ಬೆಂಕಿ ಆರಿಸುವ ಗಾಡಿಗೆ ಯಾರ ಒಪ್ಪಿಗೆಯೂ ಬೇಕಾಗಬಾರದು. ಶ್ರೀರಂಗಪಟ್ಟಣದಿಂದ ಸ್ವಲ್ಪ ದೂರದಲ್ಲಿರುವ ಕನ್ನಂಬಾಡಿ ಕಟ್ಟೆಗೆ ವಿಶ್ವೇಶ್ವರಯ್ಯನವರು ಸ್ವಯಂಚಾಲಿತ ಗೇಟುಗಳನ್ನು ಯೋಜಿಸಿದ್ದರು. ನೀರು ಮಿತಿ ಮುಟ್ಟಿದಾಗ ಯಾರೂ ಹೇಳದೆ ತಾವಾಗಿ ತೆರೆಯುವುದು ಆ ಗೇಟುಗಳ ಜಾಣತನ. ಮುಚ್ಚಿಯೇ ಇರುವ ಗೇಟು ಕಟ್ಟೆಯನ್ನು ಉಳಿಸುವುದಿಲ್ಲ, ಒಡೆಯುತ್ತದೆ ಎಂಬುದು ಆ ಎಂಜಿನಿಯರಿಗೆ ಗೊತ್ತಿತ್ತು.

ಅಂದು ಇಪ್ಪತ್ತು ನಿಮಿಷದ ಮೇಲೆ ನನ್ನ ಸ್ನೇಹಿತರು ಎದ್ದು ಫೋನ್ ನೋಡಿ ಓಡಿಬಂದರು. ಕ್ಷಮೆ ಕೇಳಿದರು, ಒಳಗೆ ಕರೆದೊಯ್ದು ಕಾಫಿ ಕೊಟ್ಟರು. ಅವರು ಸಂಘದ ಕಾರ್ಯದರ್ಶಿಯೂ ಹೌದು. ಮುಂದಿನ ಸಭೆಯಲ್ಲಿ ಒಂದು ಮಾತು ಇಡಿರಿ ಎಂದು ಅವರಿಗೆ ಹೇಳಿ ಬಂದಿದ್ದೇನೆ. ಒಳಗಿನವರು ಉತ್ತರ ಕೊಡದಿದ್ದಾಗ, ತನಗೆ ಗೊತ್ತಿರುವವರನ್ನು ತನ್ನ ಹೊಣೆಯ ಮೇಲೆ ಒಳಬಿಡುವ ಅಧಿಕಾರ ವಾಚ್‌ಮನ್‌ಗೆ ಮರಳಿ ಸಿಗಬೇಕು ಎಂಬುದು ಆ ಮಾತು. ಯಂತ್ರದಲ್ಲಿ ಅಂಥ ಗುಂಡಿಯಿಲ್ಲವಂತೆ. ಇಡಿಸಿರಿ ಎಂದಿದ್ದೇನೆ. ಸಭೆ ಇನ್ನೂ ಆಗಿಲ್ಲ.